ಹದಿನೆಂಟಕ್ಕೆ ಮುನ್ನ: ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳಿಗೆ ತಾಲ್ಲೂಕಿನ ಶಾಲೆ, ಆಸ್ಪತ್ರೆ ಏನು ಮಾಡಬಲ್ಲವು?

ಮೈಸೂರು: ನಂಜನಗೂಡಿನಿಂದ ಜಿಲ್ಲಾ ಕೇಂದ್ರ ಮೈಸೂರಿಗೆ ಸುಮಾರು 25 ಕಿಲೋಮೀಟರ್ ದೂರ. ತಿರುಮಕೂಡಲು ನರಸೀಪುರದಿಂದ ಅದಕ್ಕಿಂತ ತುಸು ಹೆಚ್ಚು. ಬಸ್ಸಿಗೆ ಇದು ಒಂದು ಗಂಟೆಯ ಹಾದಿ. ಆದರೆ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಕಳೆದ ಒಂದು ದಶಕದಲ್ಲಿ ರೂಪುಗೊಂಡ ತೀರ್ಪು, ಕಾಯ್ದೆ, ಯೋಜನೆಗಳನ್ನು ಒಂದೊಂದಾಗಿ ಓದುತ್ತ ಹೋದರೆ, ಈ ಎರಡು ತಾಲ್ಲೂಕುಗಳ ಹದಿನಾಲ್ಕು ಹದಿನೈದರ ಮಗುವಿಗೆ ಆ ಹಾದಿ ಎಷ್ಟು ದೀರ್ಘವಾದುದೆಂಬುದು ತಿಳಿಯುತ್ತದೆ. ಬಹುತೇಕ ಸೌಲಭ್ಯಗಳಿಗೆ ಜಿಲ್ಲಾಧಿಕಾರಿಗಳು ನೀಡುವ ಗುರುತಿನ ಪ್ರಮಾಣಪತ್ರವೇ ಆಧಾರ. ಹದಿನೆಂಟು ತುಂಬದವರ ಪರವಾಗಿ ಆ ಪತ್ರಕ್ಕೆ ಅರ್ಜಿ ಸಲ್ಲಿಸಬೇಕಾದವರು ತಂದೆ ತಾಯಿ ಅಥವಾ ಪೋಷಕರು ಎಂದು 2019ರ ಕಾಯ್ದೆ ವಿಧಿಸಿತು. ತನ್ನ ಮನಸ್ಸಿನಲ್ಲಿರುವುದನ್ನು ಮನೆಯಲ್ಲಿ ಇನ್ನೂ ಬಾಯಿಬಿಟ್ಟು ಹೇಳದ ಮಗು ಆ ಸಹಿಯನ್ನು ಯಾರಿಂದ ಪಡೆಯಬೇಕು?

ಈ ವಿಷಯದಲ್ಲಿ ಸರ್ಕಾರಿ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಕಾನೂನಿನ ಗಮನವೆಲ್ಲ ವಯಸ್ಕರ ಮೇಲೆ ಹಾಗೂ ಜಿಲ್ಲಾ ಕಚೇರಿಯ ಮೇಲೆ ನೆಟ್ಟಿದೆ. ಮಗು ಶಾಲೆ ಬಿಡುವುದೋ ಮನೆ ಬಿಡುವುದೋ ತೀರ್ಮಾನವಾಗುವುದು ಮಾತ್ರ ಎಂಟರಿಂದ ಹತ್ತನೆಯ ತರಗತಿಯ ನಡುವೆ, ಹಳ್ಳಿ ಅಥವಾ ಹೋಬಳಿ ಕೇಂದ್ರದ ಶಾಲೆಯಲ್ಲಿ. ಆ ಹಂತದಲ್ಲಿ ಮಗುವಿನ ಕೈಗೆ ಎಟಕುವವರು ಮುಖ್ಯ ಶಿಕ್ಷಕರು, ತಾಲ್ಲೂಕು ಆಸ್ಪತ್ರೆಯ ಆಪ್ತ ಸಮಾಲೋಚಕರು, ಊರಿನ ಆಶಾ ಕಾರ್ಯಕರ್ತೆ ಇಷ್ಟೇ ಜನ. ಇವರು ಯಾವ ಪ್ರಮಾಣಪತ್ರಕ್ಕೂ ಕಾಯದೆ ಮಾಡಬಹುದಾದ ಕೆಲಸಗಳು ಹಲವಿವೆ. ಅವುಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರಿನ ಗೊಂದಲ

ಮೊದಲಿಗೆ ಪದಗಳ ವಿಚಾರ. ಪತ್ರಿಕೆಗಳು ಬಹುಕಾಲ ಬಳಸಿದ 'ಮಂಗಳಮುಖಿ', ಉತ್ತರ ಕರ್ನಾಟಕದ 'ಜೋಗಪ್ಪ', ಹಿಂದಿಯಿಂದ ಬಂದ 'ಹಿಜಡಾ' ಇವೆಲ್ಲವೂ ನಿರ್ದಿಷ್ಟ ಸಮುದಾಯ ಅಥವಾ ಸಂಪ್ರದಾಯಕ್ಕೆ ಸೇರಿದವರ ಹೆಸರುಗಳು. ತರಗತಿಯಲ್ಲಿ ಕುಳಿತ ಹದಿಮೂರರ ಬಾಲಕನೊಬ್ಬ ತಾನು ಹುಡುಗಿಯೆಂದು ಭಾವಿಸಿದಾಗ ಅವನು ಅಂಥ ಯಾವ ಸಮುದಾಯಕ್ಕೂ ಸೇರಿರುವುದಿಲ್ಲ. ಆತನಿಗೆ ತನ್ನ ಸ್ಥಿತಿಗೆ ಒಂದು ಹೆಸರಿದೆ ಎಂಬುದೇ ಗೊತ್ತಿರುವುದಿಲ್ಲ. ಕರ್ನಾಟಕ ಸರ್ಕಾರ ತನ್ನ ಆದೇಶಗಳಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಪದವನ್ನು ಬಳಸುತ್ತಿದೆ. ಹುಟ್ಟಿನಲ್ಲಿ ನಮೂದಾದ ಲಿಂಗವನ್ನು ತಮ್ಮದೆಂದು ಒಪ್ಪಲಾಗದ ಎಲ್ಲರನ್ನೂ ಈ ಪದ ಒಳಗೊಳ್ಳುತ್ತದೆ. ಹೆಣ್ಣೆಂದು ದಾಖಲಾಗಿ ಗಂಡಾಗಿ ಬಾಳಬಯಸುವ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಇವರ ಬಗ್ಗೆ ಸಮಾಜಕ್ಕೆ ತಿಳಿವಳಿಕೆ ತೀರಾ ಕಡಿಮೆ. ಗಂಡುಮಗ ಸೀರೆಯುಟ್ಟರೆ ಬೀದಿಯೆಲ್ಲ ಮಾತನಾಡುತ್ತದೆ. ಹೆಣ್ಣುಮಗಳು ಕೂದಲು ಕತ್ತರಿಸಿ ಪ್ಯಾಂಟು ತೊಟ್ಟರೆ ಅದು ಹಟಮಾರಿತನವೆಂದು ಬೈಗುಳಕ್ಕೆ, ಬಳಿಕ ಅವಸರದ ಮದುವೆಗೆ ದಾರಿಯಾಗುತ್ತದೆ.

ಇದು ರೋಗವೇ ಎಂಬ ಪ್ರಶ್ನೆ ಪೋಷಕರಿಂದ ಸಹಜವಾಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತೆಗೆದಿದೆ. 'ಸರಿಪಡಿಸುತ್ತೇವೆ' ಎಂದು ಹಣ ಪಡೆಯುವವರ ಬಳಿಗೆ ಮಕ್ಕಳನ್ನು ಕರೆದೊಯ್ಯುವುದಕ್ಕೂ ಇಲ್ಲಿ ಉತ್ತರವಿದೆ. ಮದ್ರಾಸ್ ಹೈಕೋರ್ಟ್ 2021ರಲ್ಲಿ ನೀಡಿದ ಆದೇಶದ ಹಿನ್ನೆಲೆಯಲ್ಲಿ, ಇಂಥ ಪರಿವರ್ತನಾ ಚಿಕಿತ್ಸೆ ನೀಡುವುದು ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿತು. ಮಂತ್ರವಾದಿಗಳಿಗೆ, ದೇವರ ಹೇಳಿಕೆ ಕೇಳಿಸುವವರಿಗೆ ಆಯೋಗದ ಮಾತು ಅನ್ವಯಿಸುವುದಿಲ್ಲವೆಂಬುದು ಬೇರೆ ಮಾತು.

ಲೆಕ್ಕ ಮತ್ತು ಕಾನೂನು

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ 'ಇತರೆ' ಎಂಬ ಕಲಮಿನಲ್ಲಿ ದೇಶದಾದ್ಯಂತ 4,87,803 ಜನ ದಾಖಲಾದರು, ಕರ್ನಾಟಕದಲ್ಲಿ 20,266. ದೇಶದ ಒಟ್ಟು ಸಾಕ್ಷರತೆ ಶೇ 73ರ ಆಸುಪಾಸಿನಲ್ಲಿದ್ದಾಗ ಈ ಕಲಮಿನವರ ಸಾಕ್ಷರತೆ ಶೇ 56ರಷ್ಟಿತ್ತು. ಈ ನಡುವಿನ ಅಂತರವೇ ಶಾಲೆಯಿಂದ ಹೊರಬಿದ್ದವರ ಕಥೆಯನ್ನು ಹೇಳುತ್ತದೆ. ಮನೆಯ ಹಿರಿಯರು ಹೇಳಿದ್ದನ್ನು ಗಣತಿದಾರರು ಬರೆದುಕೊಳ್ಳುವ ಪದ್ಧತಿಯಲ್ಲಿ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರಬೇಕು. ರಾಜ್ಯ ಸರ್ಕಾರವು 2025ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಪ್ರತ್ಯೇಕ ಸಮೀಕ್ಷೆಯನ್ನು ಕೈಗೊಂಡಿತು. ಆದರೆ ಮನೆಯಲ್ಲಿ ಹೇಳದ ಹದಿಹರೆಯದವರು ಸಮೀಕ್ಷಕರಿಗೂ ಹೇಳಲಾರರು.

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರಕರಣದಲ್ಲಿ ಲಿಂಗತ್ವವನ್ನು ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗೇ ಸೇರಿದ್ದು ಎಂದು ಹೇಳಿತು. ರಾಜ್ಯ ಸಚಿವ ಸಂಪುಟವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ನೀತಿಗೆ ಒಪ್ಪಿಗೆ ನೀಡಿತು. ಕೇಂದ್ರದ ಹಕ್ಕು ಸಂರಕ್ಷಣಾ ಕಾಯ್ದೆ 2019ರಲ್ಲಿ ಅಂಗೀಕಾರವಾಗಿ 2020ರ ಜನವರಿ 10ರಿಂದ ಜಾರಿಗೆ ಬಂದಿತು. ಅದೇ ವರ್ಷ ನಿಯಮಾವಳಿಯೂ ಬಂದಿತು. ಪ್ರಮಾಣಪತ್ರಕ್ಕೆ ವೈದ್ಯಕೀಯ ಪರೀಕ್ಷೆ ಬೇಡ, ಅಫಿಡವಿಟ್ ಸಾಕು, 30 ದಿನಗಳಲ್ಲಿ ಪತ್ರ ನೀಡಬೇಕು ಎಂದು ಆ ನಿಯಮಾವಳಿ ಹೇಳಿತ್ತು. ಕಾಯ್ದೆಯ ಬಗ್ಗೆ ಸಮುದಾಯದಲ್ಲಿಯೇ ತೀವ್ರ ಭಿನ್ನಾಭಿಪ್ರಾಯಗಳಿದ್ದವು. ತಮ್ಮ ಗುರುತಿಗೆ ಜಿಲ್ಲಾಧಿಕಾರಿಯ ಮೊಹರು ಏಕೆ ಬೇಕು ಎಂದು ಕೇಳಿದವರ ಪ್ರಶ್ನೆ ಅಸಂಗತವೇನೂ ಅಲ್ಲ.

ಮಕ್ಕಳ ಮಟ್ಟಿಗೆ ಇದು ಹೇಗೆ ಕೆಲಸ ಮಾಡಿತೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2022ರ ಫೆಬ್ರುವರಿಯಲ್ಲಿ ಆರಂಭಿಸಿದ 'ಸ್ಮೈಲ್' ಯೋಜನೆಯಲ್ಲಿ ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರ ಹಂತದವರೆಗೆ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ವರ್ಷಕ್ಕೆ 13,500 ರೂಪಾಯಿ ವಿದ್ಯಾರ್ಥಿವೇತನವನ್ನು ಪ್ರಕಟಿಸಲಾಯಿತು. ಒಂಬತ್ತನೇ ತರಗತಿಯ ಮಗುವಿಗೆ ವಯಸ್ಸು ಹದಿನಾಲ್ಕು. ವಿದ್ಯಾರ್ಥಿವೇತನಕ್ಕೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ತಂದೆಯ ಸಹಿ ಬೇಕು, ತಂದೆಯ ಸಹಿಗೆ ತಂದೆಗೆ ವಿಷಯ ಗೊತ್ತಿರಬೇಕು ಮತ್ತು ಗೊತ್ತಾದ ಬಳಿಕ ಮಗು ಮನೆಯಲ್ಲಿಯೇ ಉಳಿದಿರಬೇಕು. ಸರಪಣಿಯ ಮೊದಲ ಕೊಂಡಿಯೇ ಇಲ್ಲದಿದ್ದರೆ ಉಳಿದದ್ದು ಕಾಗದದ ಮೇಲಿನ ಸೌಲಭ್ಯ. ಆದ್ದರಿಂದ ತಾಲ್ಲೂಕು ಮಟ್ಟದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದ ಸೇವೆಯೆಂದರೆ ತಂದೆತಾಯಿಗಳೊಂದಿಗೆ ಕುಳಿತು ಮಾತನಾಡಬಲ್ಲ ಒಬ್ಬ ವ್ಯಕ್ತಿ. ಈ ಸೇವೆಗೆ ಯಾವ ಆಯವ್ಯಯದಲ್ಲಿಯೂ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ.

ಶಾಲೆಯಲ್ಲಿ

ಮುಖ್ಯ ಶಿಕ್ಷಕರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಬೇಕು. ದಾಖಲಾತಿ ವಹಿ, ವರ್ಗಾವಣೆ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳಲ್ಲಿರುವ ಹೆಸರು ಮತ್ತು ಲಿಂಗವನ್ನು ಅವರು ತಮ್ಮ ಇಚ್ಛೆಯಂತೆ ತಿದ್ದುವಂತಿಲ್ಲ. ಗುರುತಿನ ಪ್ರಮಾಣಪತ್ರ ಪಡೆದವರ ಅಧಿಕೃತ ದಾಖಲೆಗಳನ್ನು ತಿದ್ದಿಕೊಡಬೇಕೆಂದು 2020ರ ನಿಯಮಾವಳಿ ಹೇಳಿತು. ಆ ದಾಖಲೆಗಳ ಪಟ್ಟಿಯಲ್ಲಿ ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಗಳ ಜೊತೆಗೆ ಶಾಲೆ ಮತ್ತು ಮಂಡಳಿ ನೀಡುವ ಪತ್ರಗಳೂ ಇದ್ದವು. ಜನನ ನೋಂದಣಿಯ ವಿಷಯದಲ್ಲಿ ತೊಡಕು ಎದುರಾದಾಗ ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಮಹತ್ವದ ಆದೇಶ ನೀಡಿತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ ಸೂಕ್ತ ತಿದ್ದುಪಡಿ ಆಗುವವರೆಗೆ, ಹಿಂದಿನ ಹಾಗೂ ಪರಿಷ್ಕೃತ ಹೆಸರು ಮತ್ತು ಲಿಂಗ ಎರಡನ್ನೂ ನಮೂದಿಸಿ ಪತ್ರ ನೀಡುವಂತೆ ಅದು ಸೂಚಿಸಿತು. ಎರಡೂ ಹೆಸರುಗಳಿರುವ ಪತ್ರವನ್ನು ಹಿಡಿದು ಕಾಲೇಜಿನ ಪ್ರವೇಶ ಕಿಟಕಿಯ ಮುಂದೆ ನಿಲ್ಲುವುದು ಸುಲಭವಲ್ಲ. ಆದರೂ ಏನೂ ಇಲ್ಲದ ಸ್ಥಿತಿಗಿಂತ ಅದು ಮೇಲು.

ವಹಿಯಲ್ಲಿ ಬರೆದದ್ದನ್ನು ತಿದ್ದಲಾಗದಿದ್ದರೂ ತರಗತಿಯಲ್ಲಿ ಮಗುವನ್ನು ಏನೆಂದು ಕೂಗಬೇಕು ಎಂಬುದಕ್ಕೆ ಯಾವ ಆದೇಶವೂ ಬೇಕಿಲ್ಲ. ಹಾಜರಿ ಕರೆಯುವಾಗ ಪೂರ್ತಿ ಹೆಸರಿನ ಬದಲು ಇನಿಷಿಯಲ್ ಅಥವಾ ಕ್ರಮಸಂಖ್ಯೆ ಬಳಸಬಹುದು. ಪ್ರಾರ್ಥನೆಯ ಸಾಲು, ಕವಾಯತು, ಪ್ರವಾಸದ ಕೊಠಡಿ ಹಂಚಿಕೆ ಇವೆಲ್ಲ ಗಂಡು ಹೆಣ್ಣೆಂದು ಎರಡು ಭಾಗವಾಗುವ ಕ್ಷಣಗಳು. ಆ ಕ್ಷಣಗಳಲ್ಲಿಯೇ ಇಂಥ ಮಕ್ಕಳು ಗೈರುಹಾಜರಾಗತೊಡಗುತ್ತಾರೆ. ಎತ್ತರದ ಪ್ರಕಾರ ಸಾಲು ನಿಲ್ಲಿಸಿದರೆ ಶಾಲೆಗೆ ನಷ್ಟವೇನಿಲ್ಲ. ಶೌಚಾಲಯದ ಸಮಸ್ಯೆ ಇದಕ್ಕಿಂತ ಕಠಿಣವಾದುದು. ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ದಿನ ಕಳೆಯುವ ಮಗು ಕೆಲವು ತಿಂಗಳಲ್ಲಿ ಶಾಲೆಯನ್ನೇ ಬಿಡುತ್ತದೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಕಟ್ಟಿದ, ಹಲವೆಡೆ ಬೀಗ ಹಾಕಿಯೇ ಇರುವ ಶೌಚಾಲಯದ ಬೀಗದ ಕೈಯನ್ನು ಅಂಥ ಮಗುವಿಗೆ ಕೇಳಿದಾಗ ಕೊಡುವುದು ಮುಖ್ಯ ಶಿಕ್ಷಕರ ಅಧಿಕಾರದಲ್ಲಿಯೇ ಇದೆ.

ಈ ವಿಷಯದಲ್ಲಿ ಶಿಕ್ಷಕರಿಗೆ ಮಾರ್ಗದರ್ಶಿಯೊಂದು ಸಿದ್ಧವಾಗಿಯೇ ಇತ್ತು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿ, 2021ರಲ್ಲಿ ತನ್ನ ಜಾಲತಾಣದಲ್ಲಿ ಪ್ರಕಟಿಸಿದ ಕೈಪಿಡಿಯು ಶಾಲಾ ಶಿಕ್ಷಣದಲ್ಲಿ ಇಂಥ ಮಕ್ಕಳನ್ನು ಒಳಗೊಳ್ಳುವ ಬಗೆಯನ್ನು ವಿವರಿಸಿತ್ತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪಿಸಿದ ಕೆಲವೇ ದಿನಗಳಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ, ಅದು ಜಾಲತಾಣದಿಂದ ಮರೆಯಾಯಿತು. ಶಿಕ್ಷಕರು ಮತ್ತೆ ತಮ್ಮ ತಮ್ಮ ವಿವೇಕಕ್ಕೆ ಬಿಡಲ್ಪಟ್ಟರು. ವಿವೇಕವುಳ್ಳ ಶಿಕ್ಷಕರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ವರ್ಗಾವಣೆಯೂ ಎಲ್ಲ ಊರುಗಳಲ್ಲಿ ಇದೆ.

ಸಹಪಾಠಿಗಳ ಗೇಲಿ, ಕೆಲವೊಮ್ಮೆ ಶಿಕ್ಷಕರದೇ ವ್ಯಂಗ್ಯ, ಇವುಗಳ ವಿರುದ್ಧ ಕಾನೂನಿನ ರಕ್ಷಣೆ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಿರುಕುಳಕ್ಕೆ ಒಳಗಾದ ಇಂಥ ವಿದ್ಯಾರ್ಥಿಗಳು ದೂರು ನೀಡಲು ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಸಮಿತಿ ಇರಬೇಕು, ಕಿರುಕುಳ ನೀಡುವವರು ಶಿಕ್ಷಕರೇ ಆಗಿದ್ದರೂ ಅವರಿಂದ ವಿದ್ಯಾರ್ಥಿಯನ್ನು ದೂರವಿರಿಸಬೇಕು ಎಂದು 2020ರ ನಿಯಮಾವಳಿ ತಿಳಿಸಿತು. ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೋ ಕಾಯ್ದೆ ಅನ್ವಯವಾಗುತ್ತದೆ. ಹದಿನೆಂಟರೊಳಗಿನ ಪ್ರತಿಯೊಬ್ಬರನ್ನೂ, ಲಿಂಗ ಯಾವುದೇ ಇರಲಿ, ಅದು ಮಗುವೆಂದೇ ಪರಿಗಣಿಸುತ್ತದೆ. 'ಹುಡುಗನಿಗೇನಾಗುತ್ತದೆ' ಎಂಬ ಉದಾಸೀನಕ್ಕೆ ಅಲ್ಲಿ ಜಾಗವಿಲ್ಲ; ವಿಷಯ ತಿಳಿದೂ ವರದಿ ಮಾಡದಿದ್ದರೆ ಅದೇ ಅಪರಾಧ. 2019ರಲ್ಲಿ ಅಂಗೀಕಾರವಾದಾಗ ಹಕ್ಕು ಸಂರಕ್ಷಣಾ ಕಾಯ್ದೆಯ ಗರಿಷ್ಠ ಶಿಕ್ಷೆ ಎರಡು ವರ್ಷ ಮಾತ್ರವಾಗಿತ್ತು; ಅದಕ್ಕೆ ಹೋಲಿಸಿದರೆ ಪೋಕ್ಸೋ ಶಿಕ್ಷೆ ಬಹಳ ಕಠಿಣವೆಂಬುದನ್ನು ಶಾಲೆಗಳು ತಿಳಿದಿರಬೇಕು.

ಒಂದು ಎಚ್ಚರಿಕೆಯ ಮಾತು. ಮಗು ಒಬ್ಬ ಶಿಕ್ಷಕಿಯಲ್ಲಿ ನಂಬಿಕೆಯಿಟ್ಟು ಹೇಳಿದ ವಿಷಯ ಸಂಜೆಯೊಳಗೆ ಸಿಬ್ಬಂದಿ ಕೊಠಡಿಯ ಚರ್ಚೆಯಾಗಬಾರದು. ಎಸ್‌ಡಿಎಂಸಿ ಸಭೆಯ ವಿಷಯವಂತೂ ಆಗಲೇಬಾರದು. ಪೋಷಕರಿಗೆ ತಿಳಿಸುವ ಮುನ್ನ ಮಗುವಿನೊಡನೆ ಮಾತನಾಡಿ, ಮನೆಯಲ್ಲಿ ಹೊಡೆತ ಬೀಳುವ ಭಯವಿದೆಯೇ, ಮೊದಲು ಯಾರಿಗೆ ಹೇಳಿದರೆ ಒಳಿತು ಎಂಬುದನ್ನು ಅರಿಯಬೇಕು. ಬಹುತೇಕ ಮನೆಗಳಲ್ಲಿ ಅಜ್ಜಿಯೋ ಸೋದರತ್ತೆಯೋ ಇಂಥ ಮಾತನ್ನು ತಂದೆಗಿಂತ ಮೊದಲು ಕೇಳಿಸಿಕೊಳ್ಳಬಲ್ಲರು. ಒಳ್ಳೆಯ ಉದ್ದೇಶದಿಂದಲೇ ಅವಸರಪಟ್ಟು ತಂದೆಯನ್ನು ಶಾಲೆಗೆ ಕರೆಸುವುದು ಮಗುವನ್ನು ಬಸ್ ನಿಲ್ದಾಣಕ್ಕೆ ಅಟ್ಟಿದಂತಾಗಬಹುದು.

ಆಸ್ಪತ್ರೆಯಲ್ಲಿ

ಲಿಂಗತ್ವ ಅಲ್ಪಸಂಖ್ಯಾತರನ್ನು ಆರೋಗ್ಯ ಇಲಾಖೆ ಬಹುಕಾಲ ಕಂಡದ್ದು ಎಚ್‌ಐವಿ ನಿಯಂತ್ರಣದ ಕನ್ನಡಕದ ಮೂಲಕವೇ. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಆಶೋದಯ ಸಮಿತಿಯಂಥ ಸಂಘಟನೆಗಳು ಮೂಡಿದ್ದೂ ಆ ಹಿನ್ನೆಲೆಯಲ್ಲಿ. ಲೈಂಗಿಕ ಕಾರ್ಯಕರ್ತರೇ ನಡೆಸುವ ಆ ಸಂಸ್ಥೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ. ವಯಸ್ಕರಿಗೆ ಇದರಿಂದ ಪ್ರಯೋಜನವಾಗಿದೆ. ಹದಿನೈದರ ಮಗುವಿಗೆ ಬೇಕಾದದ್ದು ಬೇರೆಯೇ.

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ 'ಸ್ನೇಹ ಕ್ಲಿನಿಕ್' ಇದಕ್ಕೆ ಸೂಕ್ತ ಸ್ಥಳ. ಅಲ್ಲಿಗೆ ಹೋಗುವುದಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಮುಟ್ಟಿನ ತೊಂದರೆ, ರಕ್ತಹೀನತೆ, ಮೊಡವೆ ಎಂದು ಎಲ್ಲ ಮಕ್ಕಳೂ ಹೋಗುವ ಜಾಗವಾದ್ದರಿಂದ ಅನುಮಾನಕ್ಕೂ ಎಡೆಯಿಲ್ಲ. ಎಚ್‌ಐವಿ ಪರೀಕ್ಷಾ ಕೇಂದ್ರಗಳ ಆಪ್ತ ಸಮಾಲೋಚಕರಿಗೆ ಈ ಸಮುದಾಯದೊಂದಿಗೆ ಗೌರವದಿಂದ ಮಾತನಾಡಿದ ಅನುಭವ ಹೆಚ್ಚು. ಆ ಅನುಭವವನ್ನು ಅದೇ ಆವರಣದ ಸ್ನೇಹ ಕ್ಲಿನಿಕ್‌ಗೆ ದಾಟಿಸಲು ತಾಲ್ಲೂಕು ಆರೋಗ್ಯಾಧಿಕಾರಿಗಳ ಒಂದು ಸಭೆ ಸಾಕು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ನಿಗದಿತ ದಿನ ಬಂದು ನೋಡುವ ವ್ಯವಸ್ಥೆಯನ್ನು ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮ ತಂದಿತು. ಮನೋವೈದ್ಯರ ಬಳಿಗೆ ಹೋಗುವುದು ಮಗುವಿನ ಲಿಂಗತ್ವವನ್ನು ಬದಲಿಸಲೆಂದಲ್ಲ, ಗೇಲಿ ಮತ್ತು ಭಯದಿಂದ ಉಂಟಾದ ಖಿನ್ನತೆಗೆ ನೆರವು ಪಡೆಯಲು ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಹೇಳಬೇಕು. ಶಸ್ತ್ರಚಿಕಿತ್ಸೆಯ ಹೆಸರು ಕೇಳಿಯೇ ಬೆಚ್ಚುವ ತಂದೆತಾಯಿಗಳಿಗೆ ಈ ವಯಸ್ಸಿನಲ್ಲಿ ಅದರ ಮಾತೇ ಇಲ್ಲವೆಂದು ಸ್ಪಷ್ಟಪಡಿಸಿದರೆ ಅರ್ಧ ಆತಂಕ ಇಳಿಯುತ್ತದೆ. ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ಗುಟ್ಟಾಗಿ ನುಂಗುವ ಅಪಾಯದ ಬಗ್ಗೆ ಮಗುವಿಗೂ ಹೇಳಬೇಕು.

ಮನೆ ಮುರಿದಾಗ

ಎಲ್ಲ ಮಾತುಕತೆಯ ನಂತರವೂ ಮನೆ ಒಪ್ಪದಿರಬಹುದು. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮ, ಹುಲಿಗೆಮ್ಮರ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ಜೋಗಪ್ಪನಾಗಿಸುವ ಸಂಪ್ರದಾಯವಿದೆ. ಪದ್ಮಶ್ರೀ ಪುರಸ್ಕೃತೆ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮಂಜಮ್ಮ ಜೋಗತಿಯವರ ಬದುಕು ಸಾಗಿದ್ದು ಆ ದಾರಿಯಲ್ಲಿ. ಅದು ಕಲೆಯನ್ನೂ ಒಂದು ಸಾಮಾಜಿಕ ಸ್ಥಾನವನ್ನೂ ಕೊಟ್ಟಿತು, ಮನೆಯನ್ನು ಕಿತ್ತುಕೊಂಡಿತು. ಹಳೆ ಮೈಸೂರು ಸೀಮೆಯಲ್ಲಿ ಆ ಸಂಪ್ರದಾಯದ ಬೇರುಗಳು ಅಷ್ಟು ಆಳವಾಗಿಲ್ಲ. ಇಲ್ಲಿನ ಮಕ್ಕಳಿಗೆ ಉಳಿಯುವುದು ಬೆಂಗಳೂರು ಅಥವಾ ಮುಂಬೈ. ಅಲ್ಲಿ ಹಿರಿಯ ಗುರುಗಳ ಮನೆಗಳು ಆಶ್ರಯ ನೀಡುತ್ತವೆ. ಹೆತ್ತವರು ಹೊರಹಾಕಿದವರಿಗೆ ಅನ್ನವಿಟ್ಟ ಮನೆಗಳನ್ನು ಹಗುರವಾಗಿ ಕಾಣುವುದು ತರವಲ್ಲ. ಆದರೆ ಅಲ್ಲಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮರಳಿ ಬರುವ ದಾರಿ ಬಹಳ ಕಿರಿದು.

2019ರ ಕಾಯ್ದೆಯ 12ನೇ ಪ್ರಕರಣವು ಮಗುವನ್ನು ಲಿಂಗತ್ವದ ಕಾರಣಕ್ಕೆ ಹೆತ್ತವರಿಂದ ಬೇರ್ಪಡಿಸಬಾರದು, ನ್ಯಾಯಾಲಯದ ಆದೇಶವಿದ್ದರೆ ಮಾತ್ರ ಬೇರೆ ವ್ಯವಸ್ಥೆ ಎಂದು ಹೇಳಿತು. ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಗುರುತಿಸಿತು. ಹೊಡೆತ, ಉಪವಾಸ, ಕೂಡಿಹಾಕುವಿಕೆ ನಡೆದಾಗ ಮಗುವು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಪೋಷಣೆ ಮತ್ತು ರಕ್ಷಣೆ ಬೇಕಾದ ಮಗುವಾಗುತ್ತದೆ. ಆಗ ತೀರ್ಮಾನಿಸಬೇಕಾದದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಸಮಸ್ಯೆ ಎದುರಾಗುವುದು ಅದರ ನಂತರ. ಮಕ್ಕಳ ಪಾಲನಾ ಸಂಸ್ಥೆಗಳು ಬಾಲಕರದು, ಬಾಲಕಿಯರದು ಎಂದು ಎರಡೇ ಬಗೆಯವು. ಬಾಲಕಿಯಂತೆ ಬಾಳುವ ಮಗುವನ್ನು ಬಾಲಕರ ಮಂದಿರಕ್ಕೆ ಕಳುಹಿಸಿದರೆ ರಕ್ಷಣೆಯೇ ಶಿಕ್ಷೆಯಾದೀತು. ಬಂಧುಗಳ ಮನೆಯನ್ನು ಹುಡುಕುವುದು, ಸಾಕು ಪೋಷಕತ್ವದ ಅವಕಾಶ ಬಳಸುವುದು ಸಮಿತಿಗೆ ಸಾಧ್ಯವಿರುವ ಮಾರ್ಗಗಳು. ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದರೆ ನಂಜನಗೂಡು, ತಿ. ನರಸೀಪುರ ಎರಡರಲ್ಲಿಯೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಆದಾಯ ಎಷ್ಟೇ ಇರಲಿ, ಪ್ರತಿ ಮಗುವೂ ಉಚಿತ ಕಾನೂನು ನೆರವಿಗೆ ಅರ್ಹ.

ಹದಿನೆಂಟರ ನಂತರ

ಶಾಲೆ ಮುಗಿಸಿ ಊರಿನಲ್ಲಿಯೇ ಉಳಿದವರಿಗೆ ದಾರಿಗಳು ಮೊದಲಿಗಿಂತ ಹೆಚ್ಚಿವೆ. ರಾಜ್ಯ ಸರ್ಕಾರ 2021ರ ಜುಲೈನಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ನೇರ ನೇಮಕಾತಿಯಲ್ಲಿ ಶೇ 1ರಷ್ಟು ಸಮತಲ ಮೀಸಲಾತಿಯನ್ನು ನೀಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಈ ಮೀಸಲಾತಿಯಡಿ ಮೂವರು ಆಯ್ಕೆಯಾದರು. ಮೂವರೆಂಬುದು ಸಣ್ಣ ಸಂಖ್ಯೆ. ಆದರೆ ಪದವಿ, ಬಿ.ಇಡಿ. ಮುಗಿಸಿ ಬಂದವರೇ ವಿರಳವಾಗಿರುವಾಗ ಮೀಸಲು ಸ್ಥಾನಗಳು ತುಂಬುವುದಾದರೂ ಹೇಗೆ? ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ 2017ರಲ್ಲಿ ಈ ಸಮುದಾಯದ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಘೋಷಿಸಿತು. ಮೈಸೂರಿನಲ್ಲಿಯೇ ಕೇಂದ್ರವಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಅಂಥದೇ ವಿನಾಯಿತಿ ಪ್ರಕಟಿಸಿತು. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸಿತು. ತಿ. ನರಸೀಪುರದಿಂದ ದಿನವೂ ಮೈಸೂರಿನ ಕಾಲೇಜಿಗೆ ಓಡಾಡುವವರಿಗೆ ಇದು ಅಲ್ಪ ಸಹ ಉಳಿತಾಯವಲ್ಲ. ಗುರುತಿನ ಚೀಟಿಯಲ್ಲಿನ ಹೆಸರಿಗೂ ಎದುರಿಗಿರುವವರ ರೂಪಕ್ಕೂ ಹೊಂದದಿದ್ದಾಗ ನಿರ್ವಾಹಕರೊಡನೆ ತಕರಾರು ಏಳುವ ಸಂಭವವಿದೆ. ಇಲ್ಲಿಯೂ ಎಲ್ಲವೂ ದಾಖಲೆಯ ತಿದ್ದುಪಡಿಗೇ ಬಂದು ನಿಲ್ಲುತ್ತದೆ.

ನಂಜನಗೂಡಿಗೆ ಕೈಗಾರಿಕಾ ಪ್ರದೇಶದ ಅನುಕೂಲವಿದೆ. ಕಾರ್ಖಾನೆಗಳು ಉದ್ಯೋಗದಲ್ಲಿ ತಾರತಮ್ಯ ಮಾಡಬಾರದೆಂಬ ನಿಯಮ ಖಾಸಗಿಯವರಿಗೂ ಅನ್ವಯಿಸುತ್ತದೆ. ಶಿಕ್ಷಕಿಯೊಬ್ಬರನ್ನು ಲಿಂಗತ್ವದ ಕಾರಣಕ್ಕೆ ಖಾಸಗಿ ಶಾಲೆಗಳು ಕೈಬಿಟ್ಟ ಜೇನ್ ಕೌಶಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 17ರಂದು ಪರಿಹಾರ ನೀಡಲು ಆದೇಶಿಸಿತು. ಜೊತೆಗೆ ಸಮಾನ ಅವಕಾಶ ನೀತಿಯನ್ನು ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. ಕರ್ನಾಟಕದ ಅಕ್ಕೈ ಪದ್ಮಶಾಲಿ ಅದರ ಸದಸ್ಯರಲ್ಲೊಬ್ಬರು.

ಗುರುತಿನ ಪ್ರಮಾಣಪತ್ರದ ವಿಧಿವಿಧಾನಗಳು ಕಾಯ್ದೆಯ ತಿದ್ದುಪಡಿಗಳೊಡನೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಅಂದಿನ ನಿಯಮವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ಅಪಾಯದಲ್ಲಿರುವ ಮಗುವಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಮಾನಸಿಕ ಆರೋಗ್ಯದ ನೆರವಿಗಾಗಿ ಟೆಲಿ ಮಾನಸ್ ಸಂಖ್ಯೆ 14416. ಎರಡಕ್ಕೂ ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು, ಮತ್ತು ತಂದೆತಾಯಿಗಳೂ ತಮ್ಮ ಗೊಂದಲವನ್ನು ಅಲ್ಲಿ ಹೇಳಿಕೊಳ್ಳಬಹುದು.